ಕೆಲಸ ಹೋದ ಮೊದಲ ಮೂರು ತಿಂಗಳು: ಸಹಿ, ಹಣ, ಹುಡುಕಾಟ, ಹೊಸ ಕಲಿಕೆ

ಎಚ್‌ಆರ್ ಕೊಠಡಿಗೆ ಕರೆಯುತ್ತಾರೆ. ಮೇಜಿನ ಮೇಲೆ ಒಂದು ಹಾಳೆ ಇಟ್ಟು, ‘ಇಲ್ಲೊಂದು ಸಹಿ ಹಾಕಿಬಿಡಿ, ರಿಲೀವಿಂಗ್ ಲೆಟರ್ ಇವತ್ತೇ ಕೊಡ್ತೀವಿ’ ಎನ್ನುತ್ತಾರೆ. ಎಷ್ಟೋ ಸಲ ಆ ಹಾಳೆ ರಾಜೀನಾಮೆ ಪತ್ರವಾಗಿರುತ್ತದೆ. ಮುಂದೆ ಸಿಗಬೇಕಾದ ಪರಿಹಾರ, ನಿರುದ್ಯೋಗ ಭತ್ಯೆ, ಮರುತರಬೇತಿಯ ಹಣ ಮೂರೂ ಆ ಒಂದು ಸಹಿಯಿಂದ ಕೈತಪ್ಪಬಹುದು. ಬಯೋಡೇಟಾ ತಿದ್ದುವ ಮಾತು ಆಮೇಲೆ, ಮೊದಲು ಆ ಹಾಳೆ ಓದಿ.

ಹಾಳೆಯಲ್ಲಿ ಯಾವ ಪದ ಇದೆ?

ನಾವು ಮಾತಿನಲ್ಲಿ ಎಲ್ಲದಕ್ಕೂ ‘ಲೇ ಆಫ್’ ಎನ್ನುತ್ತೇವೆ. ಕಾನೂನಿನಲ್ಲಿ ಅದರ ಅರ್ಥವೇ ಬೇರೆ. ಕಚ್ಚಾವಸ್ತು ಇಲ್ಲ, ಕರೆಂಟ್ ಇಲ್ಲ, ಯಂತ್ರ ಕೆಟ್ಟಿದೆ ಎಂದು ಕೆಲವು ದಿನ ಕೆಲಸ ಕೊಡದೆ ಕೂರಿಸುವುದು ಲೇ ಆಫ್. ಆಗ ನೌಕರಿ ಹೋಗಿರುವುದಿಲ್ಲ, ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. ಕಾಯಂ ಆಗಿ ತೆಗೆದುಹಾಕುವುದು ರಿಟ್ರೆಂಚ್‌ಮೆಂಟ್. ನಿಮ್ಮ ಪತ್ರದಲ್ಲಿ ಇರಬೇಕಾದ್ದು ಈ ಪದ, ಇಲ್ಲವೇ ‘ಸಂಸ್ಥೆಯ ನಿರ್ಧಾರದಿಂದ ಸೇವೆ ಕೊನೆಗೊಳಿಸಲಾಗಿದೆ’ ಎಂಬ ವಾಕ್ಯ. ‘ವೈಯಕ್ತಿಕ ಕಾರಣಗಳಿಂದ’ ಎಂದು ಕಂಡರೆ ಪೆನ್ನು ಕೆಳಗಿಡಿ. ಓದಿ ನೋಡಲು ಒಂದು ದಿನ ಬೇಕು ಎಂದು ಕೇಳಿ, ಅದೇ ಸಂಜೆ ನಿಮ್ಮ ಸ್ವಂತ ಇಮೇಲ್‌ನಿಂದ ಎರಡು ಸಾಲು ಕಳಿಸಿ: ‘ಇಂದು ರಾಜೀನಾಮೆ ಪತ್ರಕ್ಕೆ ಸಹಿ ಹಾಕುವಂತೆ ತಿಳಿಸಿದ್ದೀರಿ. ನಾನು ರಾಜೀನಾಮೆ ನೀಡುತ್ತಿಲ್ಲ. ಸೇವೆ ಕೊನೆಗೊಳಿಸುವ ಆದೇಶವನ್ನು ಲಿಖಿತವಾಗಿ ಕೊಡಿ.’ ಮುಂದೆ ಕಾರ್ಮಿಕ ಅಧಿಕಾರಿಯ ಬಳಿ ಹೋಗಬೇಕಾಗಿ ಬಂದರೆ, ದಿನಾಂಕವಿರುವ ಈ ಎರಡು ಸಾಲೇ ನಿಮ್ಮ ಮೊದಲ ಆಧಾರ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದು ವರ್ಷ ನಿರಂತರ ದುಡಿದ ಕಾರ್ಮಿಕರನ್ನು ತೆಗೆಯುವಾಗ ಕಾರಣ ಬರೆದು ಕನಿಷ್ಠ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಅಷ್ಟು ದಿನದ ವೇತನ ಕೊಡಬೇಕು. ಜತೆಗೆ ಪ್ರತಿ ಸೇವಾ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಷ್ಟು ಪರಿಹಾರ. ವ್ಯವಸ್ಥಾಪಕ ಹುದ್ದೆಯವರು ಈ ಸಂಹಿತೆಯ ‘ಕಾರ್ಮಿಕ’ ಪದದೊಳಗೆ ಬರುವುದಿಲ್ಲ. ಅವರಿಗೆ ನೇಮಕಾತಿ ಪತ್ರದ ನೋಟಿಸ್ ಷರತ್ತೇ ಆಧಾರ. ಬಹಳ ಜನರಿಗೆ ಗೊತ್ತಿಲ್ಲದ ಇನ್ನೊಂದು ಅಂಶ: ತೆಗೆದ ಒಂದು ವರ್ಷದೊಳಗೆ ಅದೇ ಸಂಸ್ಥೆ ಮತ್ತೆ ಜನರನ್ನು ಸೇರಿಸಿಕೊಳ್ಳುವುದಾದರೆ, ತೆಗೆದವರಿಗೆ ಮೊದಲು ಅವಕಾಶ ಕೊಡಬೇಕು. ನಿಮ್ಮ ಮೊಬೈಲ್ ನಂಬರ್, ವಿಳಾಸ ಅವರ ದಾಖಲೆಯಲ್ಲಿ ಸರಿಯಾಗಿರಲಿ.

ಕಂಪನಿ ಲಾಗಿನ್ ಮುಚ್ಚುವ ಮೊದಲು ಪೇ ಸ್ಲಿಪ್‌ಗಳು, ನೇಮಕಾತಿ ಪತ್ರ, ಬಡ್ತಿ ಪತ್ರಗಳು, ಫಾರ್ಮ್ 16 ಇಳಿಸಿಕೊಳ್ಳಿ. ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಸಂಖ್ಯೆ) ಮತ್ತು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನಂಬರ್ ಬರೆದಿಟ್ಟುಕೊಳ್ಳಿ. ಕಂಪನಿಯ ಕೆಲಸದ ಕಡತಗಳನ್ನು ಮಾತ್ರ ಮುಟ್ಟಬೇಡಿ, ಅದೊಂದೇ ನೆಪ ಸಾಕು ಲೆಕ್ಕ ಚುಕ್ತಾ ತಡೆಹಿಡಿಯಲು.

ಬರಬೇಕಾದ ಹಣ

ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಬರಬೇಕು ಎನ್ನುತ್ತದೆ ವೇತನ ಸಂಹಿತೆ. ‘ಫುಲ್ ಅಂಡ್ ಫೈನಲ್‌ಗೆ ನಲವತ್ತೈದು ದಿನ’ ಎಂಬುದು ಕಚೇರಿಗಳ ಹಳೇ ರೂಢಿ.

ಸೇವಾವಧಿಗೆ ತಕ್ಕಂತೆ ಕೆಲಸ ಬಿಡುವಾಗ ಸಿಗುವ ಇಡಿಗಂಟು ಗ್ರಾಚ್ಯುಟಿ ಬೇರೆ, ರಿಟ್ರೆಂಚ್‌ಮೆಂಟ್ ಪರಿಹಾರ ಬೇರೆ. ಒಂದು ಕೊಟ್ಟೆವು, ಇನ್ನೊಂದಿಲ್ಲ ಎಂದರೆ ಒಪ್ಪಬೇಡಿ. ಗ್ರಾಚ್ಯುಟಿ ಸಿಗಲು ಕಾಯಂ ನೌಕರರಿಗೆ ಐದು ವರ್ಷ ಸೇವೆ ಬೇಕು. ನಿಗದಿತ ಅವಧಿಯ ಗುತ್ತಿಗೆಯವರಿಗೆ ಈಗ ಒಂದು ವರ್ಷ ಸಾಕು. ಲೆಕ್ಕ ಸುಲಭ. ಗ್ರಾಚ್ಯುಟಿಗೆ ಪರಿಗಣಿಸುವ ಕೊನೆಯ ತಿಂಗಳ ವೇತನ 20,800 ರೂಪಾಯಿ, ಸೇವೆ 7 ವರ್ಷ 8 ತಿಂಗಳು ಎಂದುಕೊಳ್ಳಿ. 26ರಿಂದ ಭಾಗಿಸಿದರೆ ದಿನಕ್ಕೆ 800. ಹದಿನೈದರಿಂದ ಗುಣಿಸಿದರೆ ವರ್ಷಕ್ಕೆ 12,000. ಆರು ತಿಂಗಳು ಮೀರಿದ ಭಾಗ ಪೂರ್ಣ ವರ್ಷವಾಗುವುದರಿಂದ 8 ವರ್ಷ, ಒಟ್ಟು 96,000 ರೂಪಾಯಿ. 30ರಿಂದ ಭಾಗಿಸಿ ಕಡಿಮೆ ತೋರಿಸುವುದು, ಏಳೇ ವರ್ಷ ಹಿಡಿಯುವುದು ಸಾಮಾನ್ಯವಾಗಿ ಕಾಣುವ ತಪ್ಪುಗಳು. ಚೆಕ್ ಕೈಗೆ ಬರುವ ಮೊದಲು ನೀವೇ ಒಮ್ಮೆ ಕೂಡಿ ನೋಡಿ.

ಮೂರನೆಯದು ಮರುಕೌಶಲ ನಿಧಿ, ಅಂದರೆ ಆರಂಭದಲ್ಲಿ ಹೇಳಿದ ಮರುತರಬೇತಿಯ ಹಣ. ತೆಗೆದುಹಾಕಿದ ಪ್ರತಿ ಕಾರ್ಮಿಕನ 15 ದಿನಗಳ ವೇತನದಷ್ಟು ಹಣವನ್ನು ಮಾಲೀಕರು ಈ ನಿಧಿಗೆ ಕಟ್ಟಬೇಕು. ಅದು 45 ದಿನಗಳೊಳಗೆ ಕಾರ್ಮಿಕನ ಖಾತೆಗೆ ಬರಬೇಕು. ಕೇಳದಿದ್ದರೆ ಇದು ಮರೆತೇ ಹೋಗುವ ಹಣ. ಲಿಖಿತವಾಗಿ ಕೇಳಿ.

ಇಎಸ್‌ಐ ಮತ್ತು ಪಿಎಫ್

ಸಂಬಳದಲ್ಲಿ ಇಎಸ್‌ಐ ಕಡಿತವಾಗುತ್ತಿದ್ದರೆ ಎರಡು ಯೋಜನೆಗಳನ್ನು ಹೆಸರು ಹಿಡಿದೇ ಕೇಳಿ. ಅಟಲ್ ಬಿಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಸರಾಸರಿ ದಿನಗಳಿಕೆಯ ಶೇ 50ರಷ್ಟು, ಗರಿಷ್ಠ 90 ದಿನ, ಜೀವನದಲ್ಲಿ ಒಂದು ಸಲ ಸಿಗುತ್ತದೆ. ಕೆಲಸ ಹೋದ 30 ದಿನಗಳ ನಂತರ ಅರ್ಜಿ ಹಾಕಬಹುದು. ಈ ಯೋಜನೆ 2018ರಿಂದ ಅವಧಿ ವಿಸ್ತರಣೆಯಾಗುತ್ತ ಬಂದಿರುವುದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ. ಕಾರ್ಖಾನೆ ಮುಚ್ಚಿದ್ದರೆ ಅಥವಾ ನಿಮ್ಮದು ರಿಟ್ರೆಂಚ್‌ಮೆಂಟ್ ಆಗಿದ್ದರೆ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಇದೆ: ಮೊದಲ 12 ತಿಂಗಳು ಶೇ 50, ನಂತರದ 12 ತಿಂಗಳು ಶೇ 25. ಎರಡಕ್ಕೂ ಚಂದಾ ಕಟ್ಟಿದ ಅವಧಿಯ ಷರತ್ತುಗಳಿವೆ. ಇಎಸ್‌ಐ ದಾಖಲೆಯಲ್ಲಿ ಮಾಲೀಕರು ‘ಕೆಲಸ ಬಿಟ್ಟಿದ್ದಾರೆ’ ಎಂದು ನಮೂದಿಸಿದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಧಾರ್‌ನಲ್ಲೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲೊಂದು ಹೆಸರಿದ್ದರೂ ಅಷ್ಟೇ. ಅಪ್ಪನ ಹೆಸರಿನ ಒಂದು ಇನಿಷಿಯಲ್ ವ್ಯತ್ಯಾಸವಿದ್ದರೂ ಮೊದಲೇ ಸರಿಮಾಡಿಸಿ.

ಪಿಎಫ್ ಹಣವನ್ನು ಮೊದಲ ವಾರದಲ್ಲೇ ತೆಗೆಯಬೇಡಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎಂಟನೇ ವರ್ಷದಲ್ಲಿ ಪಿಂಚಣಿ ಭಾಗವನ್ನೂ ತೆಗೆದುಬಿಟ್ಟರೆ ಎಣಿಕೆ ಮತ್ತೆ ಸೊನ್ನೆಯಿಂದ. ಸೇವೆ ಐದು ವರ್ಷಕ್ಕಿಂತ ಕಡಿಮೆ ಇದ್ದು 50,000 ರೂಪಾಯಿಗಿಂತ ಹೆಚ್ಚು ತೆಗೆದರೆ ಮೂಲದಲ್ಲೇ ತೆರಿಗೆ ಕಡಿತವೂ ಆಗಬಹುದು. ಮನೆ ನಡೆಸಲು ಬೇರೆ ದಾರಿಯೇ ಇಲ್ಲದಿದ್ದರೆ ಬೇಕಾದಷ್ಟು ಭಾಗ ಮಾತ್ರ ಕೇಳಿ. ಹಳೇ ಕಂಪನಿ ‘ನಿರ್ಗಮನ ದಿನಾಂಕ’ ಹಾಕದೆ ಸತಾಯಿಸಿದರೆ, ಕೊನೆಯ ಕಂತು ಜಮೆಯಾದ ಎರಡು ತಿಂಗಳ ನಂತರ ಯುಎಎನ್ ಪೋರ್ಟಲ್‌ನಲ್ಲಿ ನೀವೇ ಹಾಕಬಹುದು.

ಹುಡುಕಾಟ

ಒಂದು ನೋಟ್‌ಬುಕ್ ತೆಗೆದುಕೊಂಡು ಐದು ಅಂಕಣ ಎಳೆಯಿರಿ: ದಿನಾಂಕ, ಸಂಸ್ಥೆ, ಯಾರ ಮೂಲಕ, ಏನು ಕಳಿಸಿದ್ದು, ಮತ್ತೆ ಯಾವಾಗ ವಿಚಾರಿಸಬೇಕು. ಕೊನೆಯ ಅಂಕಣ ಖಾಲಿ ಬಿಡುವವರೇ ಹೆಚ್ಚು. ಅರ್ಜಿ ಹಾಕಿದ ಏಳೆಂಟು ದಿನಕ್ಕೆ ಒಂದು ಸಲ ಫೋನ್ ಮಾಡಿ ವಿಚಾರಿಸುವುದರಲ್ಲಿ ಸಂಕೋಚ ಬೇಡ. ಹಳೇ ಸಹೋದ್ಯೋಗಿಗಳು, ಸಪ್ಲೈಯರ್‌ಗಳು, ಸರ್ವಿಸ್‌ಗೆ ಬರುತ್ತಿದ್ದ ಎಂಜಿನಿಯರ್‌ಗಳು ಎಲ್ಲಿ ಜಾಗ ಖಾಲಿ ಇದೆ ಎಂಬುದನ್ನು ಜಾಹೀರಾತಿಗೆ ಮೊದಲೇ ತಿಳಿದಿರುತ್ತಾರೆ. ‘ಎಲ್ಲಾದ್ರೂ ಇದ್ರೆ ಹೇಳಿ ಸರ್’ ಎಂದರೆ ಅವರಿಗೆ ನೆನಪು ಉಳಿಯುವುದಿಲ್ಲ. ಯಾವ ಕೆಲಸ, ಯಾವ ಯಂತ್ರ, ಎಷ್ಟು ವರ್ಷ, ಯಾವ ಊರು ಎಂದು ಒಂದೇ ವಾಕ್ಯದಲ್ಲಿ ಹೇಳಿ.

ಬಯೋಡೇಟಾದಲ್ಲೂ ಇದೇ ಸೂತ್ರ. ‘ಸಿಎನ್‌ಸಿ ಆಪರೇಟರ್, 9 ವರ್ಷದ ಅನುಭವ, ಶ್ರಮಜೀವಿ’ ಎಂಬ ಸಾಲು ನೂರು ಜನರ ಬಯೋಡೇಟಾದಲ್ಲಿದೆ. ಅದನ್ನೇ ಹೀಗೆ ಬರೆಯಿರಿ: ‘ಫ್ಯಾನುಕ್ ಕಂಟ್ರೋಲ್ ಇರುವ ಟರ್ನಿಂಗ್ ಸೆಂಟರ್, ಸೆಟ್ಟಿಂಗ್, ಆಫ್‌ಸೆಟ್ ತಿದ್ದುವುದು, ಇನ್ಸರ್ಟ್ ಬದಲಿಸುವುದು ಸ್ವಂತವಾಗಿ, 0.02 ಮಿಲಿಮೀಟರ್ ಟಾಲರೆನ್ಸ್‌ನ ಶಾಫ್ಟ್‌ಗಳು. ಮೈಕ್ರೊಮೀಟರ್, ಬೋರ್ ಗೇಜ್ ಬಳಕೆ.’ ಫೋರ್‌ಮನ್ ಓದಿದ ತಕ್ಷಣ ಈ ವ್ಯಕ್ತಿಯನ್ನು ಯಾವ ಯಂತ್ರದ ಮುಂದೆ ನಿಲ್ಲಿಸಬಹುದು ಎಂದು ಅರಿಯುತ್ತಾರೆ. ನೀವು ನಿಜವಾಗಿ ಮಾಡಿದ್ದನ್ನಷ್ಟೇ ಬರೆಯಿರಿ. ಟ್ರೇಡ್ ಟೆಸ್ಟ್‌ನಲ್ಲಿ ಅದನ್ನೇ ಮಾಡಿಸುತ್ತಾರೆ.

ಕೇಂದ್ರದ ನ್ಯಾಷನಲ್ ಕರಿಯರ್ ಸರ್ವಿಸ್ ಪೋರ್ಟಲ್, ರಾಜ್ಯದ ಸ್ಕಿಲ್ ಕನೆಕ್ಟ್ ಪೋರ್ಟಲ್ ಎರಡರಲ್ಲೂ ನೋಂದಣಿ ಉಚಿತ. ಜಿಲ್ಲಾ ಉದ್ಯೋಗ ವಿನಿಮಯ ಕೇಂದ್ರ ಉದ್ಯೋಗ ಮೇಳದ ಸುದ್ದಿ ತಿಳಿಯಲು ಉಪಯುಕ್ತ. ರಾಜ್ಯದ ನಿರುದ್ಯೋಗ ಭತ್ಯೆ ಯೋಜನೆಯಾದ ಯುವನಿಧಿ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗಾಗಿ ರೂಪಿಸಿದ್ದು; ಅನುಭವವಿದ್ದು ಕೆಲಸ ಕಳೆದುಕೊಂಡವರು ಅದರ ಹಿಂದೆ ಓಡಾಡಿ ಸಮಯ ಕಳೆಯುವುದು ಬೇಡ.

ಸಂದರ್ಶನಕ್ಕೆ ಮೊದಲೇ ‘ನೋಂದಣಿ ಶುಲ್ಕ’, ‘ಲ್ಯಾಪ್‌ಟಾಪ್ ಠೇವಣಿ’, ‘ಮೆಡಿಕಲ್ ಟೆಸ್ಟ್ ಹಣ’ ಎಂದು ಕೇಳಿದರೆ ಅದು ಮೋಸ. ಹಣ ಹೋಗಿದ್ದರೆ ಅದೇ ಗಂಟೆಯಲ್ಲಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ; ತಡವಾದಷ್ಟೂ ಆ ಹಣ ಖಾತೆಯಿಂದ ಖಾತೆಗೆ ಜಾರಿಬಿಡುತ್ತದೆ.

ಏನು ಕಲಿಯಬೇಕು?

ಕೋರ್ಸ್ ಆರಿಸುವ ಮೊದಲು ಒಂದು ಎಣಿಕೆ ಮಾಡಿ. ನೀವು ಹೋಗಬಲ್ಲ ಊರುಗಳಲ್ಲಿನ, ನಿಮಗೆ ಹೊಂದುವ ಮೂವತ್ತು ಉದ್ಯೋಗ ಜಾಹೀರಾತು ಮುಂದಿಟ್ಟುಕೊಂಡು, ಅವು ಕೇಳುವ ಒಂದೊಂದು ಕೌಶಲಕ್ಕೂ ಗೀಟು ಹಾಕುತ್ತ ಹೋಗಿ. ನಿಮಗೆ ಬರದ, ಹತ್ತಕ್ಕಿಂತ ಹೆಚ್ಚು ಗೀಟು ಬಿದ್ದ ಕೌಶಲವೇ ಕಲಿಯಬೇಕಾದ್ದು. ಎಷ್ಟೋ ಸಲ ಅದು ಹೊಸ ವೃತ್ತಿಯೇ ಆಗಿರುವುದಿಲ್ಲ, ಈಗಿನ ಕೆಲಸದ ಪಕ್ಕದ ಮೆಟ್ಟಿಲು: ಆಪರೇಟರ್‌ಗೆ ಪ್ರೋಗ್ರಾಮಿಂಗ್, ಅಕೌಂಟೆಂಟ್‌ಗೆ ಜಿಎಸ್‌ಟಿ ರಿಟರ್ನ್, ಎಲೆಕ್ಟ್ರಿಷಿಯನ್‌ಗೆ ಸೋಲಾರ್ ಅಳವಡಿಕೆ.

ಕೆಲಸ ಚೆನ್ನಾಗಿ ಬರುತ್ತದೆ, ಸರ್ಟಿಫಿಕೇಟ್ ಇಲ್ಲ ಎನ್ನುವವರಿಗೆ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯಡಿ ಪೂರ್ವಕಲಿಕೆಯ ಮಾನ್ಯತೆ, ಅಂದರೆ ಆರ್‌ಪಿಎಲ್ ಇದೆ. ಅಲ್ಪಾವಧಿಯ ತಯಾರಿ, ಪರೀಕ್ಷೆ, ಆಮೇಲೆ ಪ್ರಮಾಣಪತ್ರ. ಟೂಲ್, ಡೈ, ಕ್ಯಾಡ್, ಸಿಎನ್‌ಸಿಗೆ ರಾಜ್ಯ ಸರ್ಕಾರದ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳಲ್ಲಿ (ಜಿಟಿಟಿಸಿ) ಅಲ್ಪಾವಧಿ ಕೋರ್ಸ್‌ಗಳಿವೆ. ಸ್ವಂತ ಉದ್ಯೋಗದ ಯೋಚನೆ ಇದ್ದರೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮತ್ತು ಅದೇ ಮಾದರಿಯ, ಬ್ಯಾಂಕ್‌ಗಳು ನಡೆಸುವ ಜಿಲ್ಲಾ ಆರ್‌ಸೆಟಿಗಳಲ್ಲಿ ತರಬೇತಿ, ಊಟ, ವಸತಿ ಉಚಿತ. ಬ್ಯಾಂಕ್ ಸಾಲದ ಅರ್ಜಿಗೂ ಅವರೇ ನೆರವಾಗುತ್ತಾರೆ.

ಖಾಸಗಿ ಸಂಸ್ಥೆಯ ‘ಉದ್ಯೋಗ ಖಾತ್ರಿ’ ಕೋರ್ಸ್‌ಗೆ ಇಎಂಐ ಕಾಗದದ ಮೇಲೆ ಸಹಿ ಹಾಕುವ ಮುನ್ನ, ಹಿಂದಿನ ಬ್ಯಾಚ್‌ನ ಮೂವರ ಫೋನ್ ನಂಬರ್ ಕೇಳಿ ಮಾತಾಡಿ. ಕೆಲಸ ಸಿಗದಿದ್ದರೆ ಹಣ ವಾಪಸ್ ಎಂಬ ಮಾತು ಕರಾರಿನಲ್ಲಿ ಇದೆಯೇ ನೋಡಿ. ಕೋರ್ಸ್ ಅರ್ಧಕ್ಕೆ ನಿಂತರೂ ಸಾಲ ಮಾತ್ರ ನಿಮ್ಮ ಹೆಸರಿನಲ್ಲೇ ಮುಂದುವರಿಯುತ್ತದೆ.

ಹೊಸ ಕೆಲಸಕ್ಕೆ ಸೇರಿದ ದಿನ ಹಳೇ ಯುಎಎನ್ ನಂಬರನ್ನೇ ಕೊಡಿ, ಹೊಸದು ಮಾಡಿಸಬೇಡಿ. ಎರಡನೇ ಸಂಬಳ ಬಂದ ಮೇಲೆ ಪಿಎಫ್ ಪಾಸ್‌ಬುಕ್ ತೆರೆದು, ಹೊಸ ಸಂಸ್ಥೆಯ ಹೆಸರು ಅದೇ ನಂಬರಿನಡಿ ಕಾಣುತ್ತಿದೆಯೇ ನೋಡಿ. ಕಾಣುತ್ತಿದ್ದರೆ ಹಳೇ ಖಾತೆಯ ವರ್ಗಾವಣೆಗೆ ಅಂದೇ ಅರ್ಜಿ ಹಾಕಿ.