ಹಳೇ ಬಿಲೇ ಪ್ಲೇಟ್, ಡಿಸೆಂಡರ್ ಕೂಡಿಡೋ ಹುಚ್ಚು: ನನ್ನ ಅನುಭವ

ಬಂಡೆ ಹತ್ತೋನು ಬಿದ್ರೆ ಕೆಳಗಿರೋ ಜೊತೆಗಾರ ಹಗ್ಗ ಹಿಡಿದು ನಿಲ್ಲಿಸೋದಕ್ಕೆ ಬಿಲೇ ಅಂತಾರೆ, ಅದಕ್ಕೆ ಬಳಸೋದು ಬಿಲೇ ಪ್ಲೇಟು, ಹಗ್ಗದ ಮೇಲೆ ನಿಧಾನಕ್ಕೆ ಇಳಿಯೋಕೆ ಬಳಸೋದು ಡಿಸೆಂಡರ್. ಹಳೇ ಕ್ಲೈಂಬಿಂಗ್ ಸಾಮಾನು ಕೂಡಿಡೋರು ತುಂಬಾ ಜನ ಹಗ್ಗನೇ ಮುಟ್ಟಿಸದ, ಹೊಸದರ ಥರ ಹೊಳೀತಿರೋ ಪೀಸ್‌ಗೆ ಬಾಯಿ ಬಿಡ್ತಾರೆ, ನಂಗೆ ಮಾತ್ರ ಸವೆದಿರೋದೇ ಬೇಕು. ಅದು ಹೆಂಗೆ ಕೆಲ್ಸ ಮಾಡ್ತಿತ್ತು ಅನ್ನೋದು ಗೊತ್ತಾಗೋದೇ ಸವೆತದಿಂದ. ಫಿಗರ್ ಎಯ್ಟ್ ಅನ್ನೋ 8ರ ಆಕಾರದ ಡಿಸೆಂಡರ್‌ನಲ್ಲಿ ಹಗ್ಗ ಬಳಸಿ ಹೋಗೋ ಕಡೆ ಬಣ್ಣ ಕಿತ್ತು ಬಿಳೀ ಅಲ್ಯೂಮಿನಿಯಂ ಕಾಣತ್ತೆ, ಒಂದು ಪಕ್ಕ ಜಾಸ್ತಿ ತೇದಿದ್ರೆ ಆ ಮನುಷ್ಯ ಬ್ರೇಕ್ ಕೈನ (ಹಗ್ಗ ಹಿಡಿದು ವೇಗ ತಡೆಯೋ ಕೈ) ಯಾವ ಕಡೆ ಇಟ್ಕೊಂಡು ಇಳೀತಿದ್ದ ಅಂತ ಒಂದು ಅಂದಾಜೂ ಸಿಗತ್ತೆ.

ನನ್ನ ಹತ್ರ ಇರೋದ್ರಲ್ಲಿ ಜಾಸ್ತಿ ಇಷ್ಟ ಸ್ಟಿಶ್ಟ್ ಪ್ಲೇಟು. ಜರ್ಮನಿಯ ಫ್ರಿಟ್ಸ್ ಸ್ಟಿಶ್ಟ್ ಮಾಡಿದ್ದು, 1970ರ ಆಸುಪಾಸು, ಸಲೇವಾ ಕಂಪನಿ ಮಾರ್ತಿತ್ತು. ಅದಕ್ಕೆ ಮುಂಚೆ ಹಗ್ಗನ ಸೊಂಟಕ್ಕೋ ಹೆಗಲಿಗೋ ಸುತ್ಕೊಂಡು ಬಿಲೇ ಮಾಡ್ತಿದ್ರು. ಇದು ನೋಡೋಕೆ ಏನೂ ಇಲ್ಲ, ದಪ್ಪ ಬಿಲ್ಲೆ, ಅದರಲ್ಲಿ ಒಂದೋ ಎರಡೋ ಉದ್ದನೇ ಸೀಳು, ಹಗ್ಗದ ಮಡಿಕೆನ ಸೀಳಲ್ಲಿ ತೂರಿಸಿ ಕ್ಯಾರಬೀನರ್‌ಗೆ (ಬಾಯಿ ತೆರೆದು ಮುಚ್ಚೋ ಲೋಹದ ಕೊಂಡಿ) ಹಾಕೋದು ಅಷ್ಟೇ, ಬಿದ್ದಾಗ ಪ್ಲೇಟ್ ಬಂದು ಕ್ಯಾರಬೀನರ್‌ಗೆ ಒತ್ತಿ ಹಗ್ಗ ನಿಲ್ಲತ್ತೆ. ಬೇಡದಾಗ್ಲೂ ಹೋಗಿ ಅಂಟ್ಕೊಳ್ಳೋದೇ ಅದರ ಕಾಟ, ಮೇಲೆ ಹತ್ತೋನು ಹಗ್ಗ ಬಿಡು ಬಿಡು ಅಂತ ಕೂಗ್ತಿದ್ರೂ ಬಿಡ್ತಿರ್ಲಿಲ್ಲ, ಅದಕ್ಕೇ ಪ್ಲೇಟ್‌ನ ದೂರ ಇಡೋಕೆ ಸ್ಪ್ರಿಂಗ್ ಇರೋ ಮಾಡೆಲ್ ಬಂತು. ಕೊಳ್ಳುವಾಗ ನಾನು ಮೊದಲು ನೋಡೋದು ಆ ಸ್ಪ್ರಿಂಗ್‌ನೇ, ಎಷ್ಟೋ ಪೀಸ್‌ಗಳಲ್ಲಿ ಅದು ಸೊಟ್ಟ ಆಗಿರತ್ತೆ ಇಲ್ಲಾ ಕಿತ್ತೇ ಹೋಗಿರತ್ತೆ. ಆಮೇಲೆ ಸೀಳಿನ ಅಂಚಿನ ಮೇಲೆ ಉಗುರು ಎಳೆದು ನೋಡ್ತೀನಿ. ಹಗ್ಗ ತೇದ ಅಂಚು ನುಣ್ಣಗೆ ಉರುಟಾಗಿರತ್ತೆ, ಆದ್ರೆ ಯಾರೋ ಅರ ಹಾಕಿ ಉಜ್ಜಿದ್ರೆ ಗೆರೆಗೆರೆ ಉಗುರಿಗೇ ಸಿಗತ್ತೆ, ಅಂಥದ್ದು ನಂಗೆ ಬೇಡ.

ವಯಸ್ಸು ಹೇಳೋಕೆ ಒತ್ತಿರೋ ಅಕ್ಷರ ನೋಡಿ. ಶುನಾರ್ಡ್ ಅಂತ ಇದ್ರೆ ಸುಲಭ, ಅದು ಅಮೆರಿಕದ ಕ್ಲೈಂಬಿಂಗ್ ಸಾಮಾನಿನ ಕಂಪನಿ, ಶುನಾರ್ಡ್ ಇಕ್ವಿಪ್‌ಮೆಂಟ್ 1989ರಲ್ಲಿ ದಿವಾಳಿ ಆಗಿ ಅದರಿಂದಾನೇ ಬ್ಲ್ಯಾಕ್ ಡೈಮಂಡ್ ಕಂಪನಿ ಹುಟ್ಟಿದ್ದು, ಅಂದ್ರೆ ಹಳೇ ಹೆಸರಿರೋ ಪೀಸು ಸುಮಾರಾಗಿ ಅದಕ್ಕಿಂತ ಮುಂಚಿಂದು. ಮಾರೋರು "ಅಪರೂಪದ್ದು" ಅಂದ್ರೆ ನಾನು ಬೆಲೆ ಮಾತಾಡೋಕೆ ಮುಂಚೆ ಎರಡೂ ಬದಿ ಹತ್ತಿರದ ಫೋಟೋ ಕೇಳ್ತೀನಿ, ಕಳಿಸ್ದೇ ಇದ್ರೆ ಅಲ್ಲಿಗೆ ಬಿಟ್ಟೆ.

ರ‍್ಯಾಕ್ ಅನ್ನೋ ಡಿಸೆಂಡರ್‌ದು ಬೇರೇನೇ ಕಥೆ. ಅಮೆರಿಕದ ಗುಹೆ ಇಳಿಯೋ ಜಾನ್ ಕೋಲ್ 1966ರಲ್ಲಿ ಮಾಡಿದ್ದು, ಉದ್ದನೇ ಸ್ಟೀಲ್ ಚೌಕಟ್ಟಿಗೆ ಅಡ್ಡಡ್ಡ ಬಾರ್‌ಗಳು, ಬಾರ್ ಸೇರಿಸಿದ್ರೆ ನಿಧಾನ ತೆಗೆದ್ರೆ ಜೋರು, ಫಿಗರ್ ಎಯ್ಟ್ ಥರ ಹಗ್ಗನ ತಿರುಚಲ್ಲ. ಹಗ್ಗ ಉಲ್ಟಾ ಹಾಕಿದ್ರೆ ಮಾತ್ರ ಭಾರ ಬಿದ್ದ ತಕ್ಷಣ ಬಾರ್‌ಗಳೆಲ್ಲ ಬಿಚ್ಕೊಂಡು ಬಿಡತ್ತೆ! ಅಲ್ಯೂಮಿನಿಯಂ ಬಾರ್ ಬೇಗ ಸವೆಯತ್ತೆ, ಜನ ಬದಲಾಯಿಸ್ತಾನೇ ಇರ್ತಾರೆ, ಹಾಗಾಗಿ ಹಳೇ ಚೌಕಟ್ಟಲ್ಲಿ ಹೊಸ ಬಾರ್ ಇದ್ರೆ ಮೋಸ ಅನ್ಕೋಬೇಡಿ. ಪೆಟ್ಜಲ್ ಕಂಪನಿಯ ಗ್ರಿಗ್ರಿ (ಬಿದ್ದಾಗ ಹಗ್ಗ ಹಿಡಿಯೋಕೆ ತಾನೇ ಸಹಾಯ ಮಾಡೋ ಬಿಲೇ ಸಾಧನ) 1991ರದ್ದು, ಅದನ್ನ ಹಳೇದು ಅನ್ನೋಕೆ ನಂಗಿನ್ನೂ ಮನಸ್ಸು ಬರಲ್ಲ, ಆದ್ರೂ ಮೊದಲನೇ ಮಾಡೆಲ್ ಒಂದು ಇಟ್ಟಿದೀನಿ.

ಕ್ಲೀನಿಂಗ್‌ಗೆ ಉಗುರುಬೆಚ್ಚನೆ ನೀರು, ಸ್ವಲ್ಪ ಸೋಪು, ಮೆತ್ತನೇ ಟೂತ್‌ಬ್ರಷ್, ಆಮೇಲೆ ಪೂರ್ತಿ ಒಣಗಿಸೋದು. ಮೆಟಲ್ ಪಾಲಿಶ್ ಹಾಕಿದ್ರೆ ಬಣ್ಣದ ಆನೊಡೈಸಿಂಗ್ (ಅಲ್ಯೂಮಿನಿಯಂ ಮೇಲಿನ ತೆಳು ಪದರ) ಹೋಗತ್ತೆ, ಹಳೇ ಓನರ್ ಗುರುತಿಗೆ ಸುತ್ತಿದ ಟೇಪನ್ನೂ ನಾನು ಕೀಳಲ್ಲ. ಬಿಸಿಲಲ್ಲಿ ಇಡಬೇಡಿ, ಬಣ್ಣ ಮಾಸತ್ತೆ.

ಇದನ್ನ ಹಾಕ್ಕೊಂಡು ಹತ್ತಬಹುದಾ ಅಂತ ಬಂದೋರೆಲ್ಲ ಕೇಳ್ತಾರೆ. ಬೇಡ. ಯಾರ ಕೈಲಿ ಎಷ್ಟು ಸಲ ಬಿದ್ದಿದ್ಯೋ, ಮೇಲಾಗಿ 11 ಮಿ.ಮೀ. ಹಗ್ಗಕ್ಕೆ ಅಂತ ಮಾಡಿದ ಸೀಳಲ್ಲಿ ಈಗಿನ ಸಣ್ಣ ಹಗ್ಗ ಸರಕ್ ಅಂತ ಜಾರತ್ತೆ. ಅದಕ್ಕೇ ಪ್ರತಿಯೊಂದಕ್ಕೂ "ಬಳಸಬೇಡಿ" ಅಂತ ಚೀಟಿ ಕಟ್ಟಿ, ಹತ್ತೋ ಸಾಮಾನಿನ ಬ್ಯಾಗಿಂದ ದೂರ, ಬೇರೆ ಡಬ್ಬೀಲಿ ಇಡ್ತೀನಿ.