ಬಾಲ್ಕನಿಗೆ ಪುಟ್ಟ ಹಕ್ಕಿಗಳು ಬರಬೇಕೆಂದರೆ ಮೊದಲು ನೀರಿಡಿ

ಹಕ್ಕಿಗಳು ಬರಲೆಂದು ಬಯಸುವವರು ಸಾಮಾನ್ಯವಾಗಿ ಕಾಳಿನಿಂದ ಆರಂಭಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ನೀರಿನಿಂದ ಆರಂಭಿಸುವುದು ಮೇಲು, ಏಕೆಂದರೆ ಕಾಳನ್ನು ಮುಟ್ಟದೆ ಹುಳುಹುಪ್ಪಟೆಯನ್ನೇ ನೆಚ್ಚಿದ ಹಕ್ಕಿಗಳೂ ನೀರಿಗೆ ಬರುತ್ತವೆ. ಅಗಲವಾದ ಮಣ್ಣಿನ ತಟ್ಟೆಯಲ್ಲಿ 2ರಿಂದ 3 ಸೆಂಟಿಮೀಟರ್ ಆಳಕ್ಕೆ ಮಾತ್ರ ನೀರು ತುಂಬಿ, ನಡುವೆ ಒಂದು ಒರಟು ಕಲ್ಲನ್ನಿಡಿ. ನುಣುಪಾದ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕಾಲು ಜಾರುವುದರಿಂದ ಹಕ್ಕಿ ಅಂಚಿನಲ್ಲೇ ಕುಳಿತು, ಒಂದೆರಡು ಬಾರಿ ಕೊಕ್ಕನ್ನು ಅದ್ದಿ ಹಾರಿಹೋಗುತ್ತದೆ. ಕಲ್ಲಿದ್ದರೆ ಅದರ ಮೇಲಿಳಿದು, ಎದೆಯನ್ನು ನೀರಿಗೆ ಒತ್ತಿ, ರೆಕ್ಕೆ ಬಡಿಯುತ್ತ ನಿರಾಳವಾಗಿ ಮೀಯುತ್ತದೆ. ಸೊಳ್ಳೆಗಳು ಹುಟ್ಟದಂತೆ ನೀರನ್ನು ಪ್ರತಿದಿನ ಬದಲಿಸಿ, ತಟ್ಟೆಯನ್ನು ಉಜ್ಜಿ ತೊಳೆಯಿರಿ.

ಪಕ್ಕದಲ್ಲಿ ದಟ್ಟ ಎಲೆಗಳ ಒಂದೆರಡು ಕುಂಡಗಳಿದ್ದರೆ, ಬೆದರಿದ ಹಕ್ಕಿಗೆ ಥಟ್ಟನೆ ಮರೆಯಾಗಲು ಜಾಗ ಸಿಗುತ್ತದೆ. ಬೆಕ್ಕು ಹೊಂಚುಹಾಕುವಂತಹ ಮೂಲೆಗಳಿಂದ ಮಾತ್ರ ತಟ್ಟೆ ದೂರವಿರಲಿ. ಕಾಳು ಇಡುವುದಾದರೆ ಆ ದಿನವೇ ಖಾಲಿಯಾಗುವಷ್ಟು ಸಾಕು, ಹೆಚ್ಚಾದರೆ ಪಾರಿವಾಳಗಳ ದರ್ಬಾರು ಶುರುವಾಗುತ್ತದೆ. ಉಪ್ಪು ಹಾಕಿದ ತಿಂಡಿಯಂತೂ ಬೇಡವೇ ಬೇಡ.

ಬಾಲ್ಕನಿಗೆ ಗಾಜಿನ ಬಾಗಿಲಿದ್ದರೆ, ಅದರಲ್ಲಿ ಕಾಣುವ ಆಕಾಶವನ್ನು ನಿಜವೆಂದು ನಂಬಿ ಹಕ್ಕಿಗಳು ಢಿಕ್ಕಿ ಹೊಡೆಯುವುದುಂಟು. ಮೂಲೆಗೊಂದು ಸ್ಟಿಕರ್ ಅಂಟಿಸಿದರೆ ಪ್ರಯೋಜನವಿಲ್ಲ. ಇಡೀ ಗಾಜಿನ ಹೊರಮೈಗೆ ಸುಮಾರು 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸಬೇಕು.