ಸಣ್ಣ ಜಾಗದ ಕೆಲಸಕ್ಕೂ ಕಾನೂನಿದೆ: ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ

ಎಚ್‌-4 ವೀಸಾದಲ್ಲಿ (ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಸಂಗಾತಿಗೆ ಸಿಗುವ ವೀಸಾ) ಬಂದು ಇಎಡಿ, ಅಂದರೆ ಕೆಲಸದ ಪರವಾನಗಿ, ಪಡೆದ ನಮ್ಮವರಲ್ಲಿ ಹಲವರು ಎಡಿಸನ್, ಇಸೆಲಿನ್ ಕಡೆಯ ಡೆಂಟಲ್ ಕ್ಲಿನಿಕ್, ಡೇಕೇರ್ ಅಥವಾ ದಿನಸಿ ಅಂಗಡಿಯಲ್ಲಿ ಮೊದಲ ಕೆಲಸಕ್ಕೆ ಸೇರುತ್ತಾರೆ. ಅಲ್ಲಿ ಆರೇಳು ಮಂದಿ ಇದ್ದರೆ ಹೆಚ್ಚು. ಗರ್ಭಿಣಿಯೆಂದು ತಿಳಿಸಿದ ಮುಂದಿನ ವಾರವೇ ಪಾಳಿಯ ಪಟ್ಟಿಯಿಂದ ಹೆಸರು ಬಿಟ್ಟುಹೋದರೂ, ಇಷ್ಟು ಸಣ್ಣ ಜಾಗಕ್ಕೆ ಯಾವ ಕಾನೂನು ಎಂದು ಸುಮ್ಮನಾಗುವವರಿದ್ದಾರೆ. ಹಾಗೆ ಸುಮ್ಮನಾಗಬೇಕಿಲ್ಲ.

ಗೊಂದಲಕ್ಕೆ ಕಾರಣವಂತೂ ಇದೆ. 1964ರ ಫೆಡರಲ್ ನಾಗರಿಕ ಹಕ್ಕುಗಳ ಕಾಯ್ದೆಯ ಉದ್ಯೋಗ ಸಂಬಂಧಿ ಭಾಗವು ಕನಿಷ್ಠ 15 ನೌಕರರಿರುವ ಸಂಸ್ಥೆಗಳಿಗೆ, ವಯಸ್ಸಿನ ತಾರತಮ್ಯವನ್ನು ತಡೆಯುವ ಫೆಡರಲ್ ಕಾಯ್ದೆಯು ಕನಿಷ್ಠ 20 ನೌಕರರಿರುವ ಖಾಸಗಿ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಆದರೆ ನ್ಯೂಜೆರ್ಸಿ 1945ರಲ್ಲಿಯೇ ತಂದ ತಾರತಮ್ಯ ವಿರೋಧಿ ಕಾಯ್ದೆಯಲ್ಲಿ ಅಂಥ ಮಿತಿಯೇ ಇಲ್ಲ. ಧರ್ಮ, ಮೂಲ ದೇಶ, ಲಿಂಗ, ಅಂಗವೈಕಲ್ಯ, ವೈವಾಹಿಕ ಸ್ಥಿತಿ, ಗರ್ಭಾವಸ್ಥೆ ಮುಂತಾದ ಕಾರಣಕ್ಕೆ ಒಬ್ಬರೇ ನೌಕರರಿರುವ ಅಂಗಡಿಯಲ್ಲಿಯೂ ಭೇದ ಮಾಡುವಂತಿಲ್ಲ. ಗರ್ಭಿಣಿಯರು ಕೇಳಿದಾಗ ನೀರು ಕುಡಿಯಲು, ಶೌಚಾಲಯಕ್ಕೆ ಹೋಗಲು ಬಿಡುವನ್ನೂ ಭಾರ ಎತ್ತುವಲ್ಲಿ ನೆರವನ್ನೂ, ಅದು ವ್ಯವಹಾರಕ್ಕೆ ತೀರಾ ಹೊರೆಯೆಂದು ತೋರಿಸಲಾಗದ ಮಾಲೀಕರು ಒದಗಿಸಲೇಬೇಕು.

ರಾಜ್ಯ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ನ್ಯೂಯಾರ್ಕಿನಲ್ಲಿ 2020ರಿಂದ ಎಲ್ಲ ಮಾಲೀಕರೂ ಆ ರಾಜ್ಯದ ಇಂಥದೇ ಕಾಯ್ದೆಯ ವ್ಯಾಪ್ತಿಯಲ್ಲಿದ್ದಾರೆ. ಪೆನ್ಸಿಲ್ವೇನಿಯಾದಲ್ಲಿ ಕನಿಷ್ಠ 4, ಕ್ಯಾಲಿಫೋರ್ನಿಯಾದಲ್ಲಿ 5 ನೌಕರರಿರಬೇಕು, ಕಿರುಕುಳದ ದೂರಿಗೆ ಮಾತ್ರ ಅಲ್ಲಿ ಒಬ್ಬರಿದ್ದರೂ ಸಾಕು. ಸಾಮಾನ್ಯವಾಗಿ ಮನೆಯಿರುವ ರಾಜ್ಯದ ಕಾಯ್ದೆಯಲ್ಲ, ಕೆಲಸ ಮಾಡುವ ರಾಜ್ಯದ ಕಾಯ್ದೆ ಲೆಕ್ಕಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ನೆನಪಿಡಬೇಕಾದದ್ದು ಗಡುವು. ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ವಿಭಾಗಕ್ಕೆ ಘಟನೆ ನಡೆದ 180 ದಿನಗಳೊಳಗೆ ದೂರು ಕೊಡಬೇಕು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ನೇರವಾಗಿ ರಾಜ್ಯದ ನ್ಯಾಯಾಲಯಕ್ಕೆ ಹೋಗುವುದಾದರೆ 2 ವರ್ಷ ಕಾಲಾವಕಾಶವಿದೆ. ಪಾಳಿಯ ಪಟ್ಟಿಯ ಫೋಟೊ, ಮಾಲೀಕರ ಮೆಸೇಜು, ಅವರಾಡಿದ ಮಾತು, ದಿನಾಂಕ, ಎದುರಿಗಿದ್ದವರ ಹೆಸರು ಇವೆಲ್ಲವನ್ನೂ ಅಂದೇ ನಿಮ್ಮ ಸ್ವಂತ ಫೋನಿನಲ್ಲಿ ಉಳಿಸಿಕೊಳ್ಳಿ. ದೂರು ಕೊಟ್ಟರೆ ವೀಸಾಕ್ಕೆ ಕುತ್ತು ಬಂದೀತೆಂಬ ಭಯ ನನಗೆ ಅರ್ಥವಾಗುತ್ತದೆ. ಆದರೆ ಎಚ್‌-4 ಸ್ಥಿತಿ ನಿಮ್ಮ ಮಾಲೀಕರನ್ನು ಅವಲಂಬಿಸಿಲ್ಲ, ದೂರು ಕೊಟ್ಟದ್ದಕ್ಕಾಗಿ ಸೇಡು ತೀರಿಸಿಕೊಳ್ಳುವುದನ್ನೂ ಇದೇ ಕಾಯ್ದೆ ನಿಷೇಧಿಸುತ್ತದೆ.

ಮುಂದೆ ನೀವೇ ಕೇಟರಿಂಗ್ ಆರಂಭಿಸಿ ಒಬ್ಬರನ್ನು ನೇಮಿಸಿಕೊಂಡರೂ ಈ ಕಾಯ್ದೆ ನಿಮಗೆ ಅನ್ವಯಿಸುತ್ತದೆ. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಯಾರ ಆಕ್ಷೇಪವೂ ಇಲ್ಲದೆ ಓಡಾಡುವ “ಮದುವೆಯಾಗದ ಹೆಣ್ಣುಮಗಳು ಬೇಕು” ಎಂಬಂಥ ಜಾಹೀರಾತು ಇಲ್ಲಿ ಕಾನೂನುಬಾಹಿರ. ಕೆಲಸವೇನು, ಎಷ್ಟು ಹೊತ್ತು, ಸಂಬಳವೆಷ್ಟು ಎಂಬುದನ್ನಷ್ಟೇ ಬರೆಯಿರಿ.